ಅತ್ತೆ ತಿಂದ ಪಾನಿಪುರಿ

ಅಮ್ಮನಿಗೆ ಶಶಿರೇಖ ಮಾಡುವ ನಮಸ್ಕಾರ.

ಭಾನುವಾರ ಅಣ್ಣನ ಜೊತೆ ಬಂದು ನನ್ನನ್ನೂ ಮಗಳು ಲಿಖಿತಳನ್ನೂ ಊರಿಗೇ ಕರೆದುಕೊಂಡು ಹೋಗುತ್ತೇನೆ ಎಂದೆಯಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಡೈರಿಗೆ ಹಾಲು ಹಾಕಿ ಬಂದ ಅತ್ತೆ, "ಸೀರೆ ಉಟ್ಕೋ ಶಶಿ, ಬಂಗಾರಪೇಟೆಗೆ ಓಗಿ ಬರೋಣ" ಎಂದರು. ಇವರು ತೀರಿಕೊಂಡು ಇನ್ನೂ ಐದೇ ತಿಂಗಳು. ಕೋರಮಂಡಲ್ ಸ್ಟೇಷನ್ನಿನಲ್ಲಿ ಪಕ್ಕದ ಮನೆಯವಳು, "ವರ್ಷ ತುಂಬಿಲ್ಲ, ಅತ್ತೆ ಸೊಸೆ ಸವಾರಿ ಎಲ್ಲಿಗೋ?" ಎಂದಳು. "ಪಾನಿಪುರಿ ತಿನ್ನಕ್ಕೆ ಕಣಮ್ಮ. ಕಾರ ತಡ್ಕೊಳ್ಳೋ ಅಂಗಿದ್ರೆ ನೀನೂ ಬಾ" ಎಂದು ಅತ್ತೆ ರೈಲು ಹತ್ತಿದರು.

ಅತ್ತೆ ಅದನ್ನು ಹಿಂದೆಂದೂ ತಿಂದವರಲ್ಲ. ಪೂರಿಯನ್ನು ಅರ್ಧಕ್ಕೆ ಕಚ್ಚಿದರು, ಪಾನಿಯೆಲ್ಲ ಸೀರೆಯ ಮೇಲೆ ಸುರಿಯಿತು. ಲಿಖಿತ ನಕ್ಕಳು. ಅವಳ ಅಪ್ಪ ಹೋದ ಮೇಲೆ ಅದೇ ಮೊದಲು. ಅದನ್ನು ನೋಡಿ ಅತ್ತೆ ಉಳಿದ ಪೂರಿಗಳನ್ನೂ ಬೇಕೆಂದೇ ಹಾಗೆ ಕಚ್ಚಿದರು.

ಬರುವಾಗ ರೈಲಿನಲ್ಲಿ ಮಗು ಮಲಗಿದ ಮೇಲೆ ಹೇಳಿದರು: "ನಿಮ್ಮಮ್ಮ ಕರೆದ್ರೆ ಓಗು ಶಶಿ, ನಾನು ತಡೆಯಲ್ಲ. ಮಗು ನಗ್ತಾ ಓಗ್ಲಿ ಅಂತ ಇವತ್ತು ಕರ್ಕೊಂಡ್ ಬಂದೆ."

ಇಂಥವರನ್ನು ಬಿಟ್ಟು ನಾನು ಬರಲಾರೆ ಅಮ್ಮ. ಭಾನುವಾರ ಬಾ, ಊಟ ಮಾಡು. ಆಮೇಲೆ, "ಇವರಿಬ್ಬರೂ ನಿಮ್ಮ ಹತ್ತಿರವೇ ಇರಲಿ" ಎಂದು ಅತ್ತೆಗೆ ನೀನೇ ಹೇಳು. ನಾನು ಹೇಳಿದರೆ ಕನಿಕರಕ್ಕೆ ಉಳಿದೆನೆಂದುಕೊಂಡು, ನಮ್ಮ ಬಟ್ಟೆಯನ್ನೆಲ್ಲ ಮಡಿಸಿ ಕೈಗೆ ಕೊಟ್ಟುಬಿಡುತ್ತಾರೆ.

ನಿನ್ನ ಮಗಳು,
ಶಶಿರೇಖ