ಮೇಲಿನ ತಿಳಿ, ತಳದ ಗಸಿ

ಅಂಗಡಿಯ ಮೇಲಿನ ಮನೆ
ಗುರುವಾರ, ಸಂಜೆ ಐದೂವರೆ

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ನಮ್ಮ ಗುಬ್ಬಿಯ ಖಾಲಿ ಔಷಧಿ ಬಾಟಲಿ ತೊಳೆಯುತ್ತಿದ್ದಾಗ ಅದರ ತಳದಲ್ಲಿ ಬೆರಳು ದಪ್ಪದ ಬಿಳಿ ಗಸಿ ಕೂತಿದ್ದು ಕಂಡಿತು. ಗೋಡೆಗೆ ಬಳಿಯುವ ಸುಣ್ಣ ಬಕೆಟ್ಟಿನಲ್ಲಿ ಗಟ್ಟಿಯಾದ ಹಾಗೆ. ನೀರು ಬಿಟ್ಟರೂ ಅಲುಗಲಿಲ್ಲ, ಕಡ್ಡಿಯಲ್ಲಿ ಕೆರೆದು ತೆಗೆಯಬೇಕಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ನಿನ್ನ ವಿಷಯ ಹೇಳು. ಮಂಡಿ ನೋವು ಹೇಗಿದೆ? ಅಜ್ಜಿಯನ್ನು ಎತ್ತಿ ಕೂರಿಸುವಾಗ ಸೊಂಟಕ್ಕೆ ಬಟ್ಟೆ ಬಿಗಿದುಕೊಳ್ಳುತ್ತೀಯಾ, ಇಲ್ಲ ಬರೀ ಹೂಂ ಅಂದು ಬಿಟ್ಟುಬಿಡುತ್ತೀಯಾ? ಅಜ್ಜಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರಂತೆ, ಇಟ್ಟು ‘ಮುರಿದದ್ದು ಸೊಂಟ ಕಣೇ, ನಾಲಿಗೆಯಲ್ಲ, ಸಾರಿಗೆ ಉಪ್ಪು ಹಾಕು’ ಅಂದರಂತೆ. ಅದನ್ನು ಕೇಳಿ ನಿನ್ನ ಚಿಕ್ಕವಳು ಗುಬ್ಬಿ ಎರಡು ದಿನ ನಕ್ಕಳು. ಅವಳು ನಕ್ಕ ಆ ಎರಡು ದಿನ ಬಿಟ್ಟರೆ ಈ ತಿಂಗಳಲ್ಲಿ ನಿನಗೆ ಬರೆಯುವಂಥ ಒಳ್ಳೆಯ ಸುದ್ದಿ ಹೆಚ್ಚಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಫೋನು ಕೈಗೆ ಬಂದರೆ ನನಗೆ ಹೊರಡುವುದು ‘ಹೂಂ’, ‘ಚೆನ್ನಾಗಿದ್ದೀವಿ’, ‘ಇಡ್ತೀನಿ’ ಎಂಬ ಮೂರೇ ಮಾತು ಎಂದು ನಿನಗೆ ಗೊತ್ತು. ಮೇಲಾಗಿ ಅತ್ತೆ ಪಕ್ಕದಲ್ಲೇ ನಿಂತು ನನ್ನ ಪರವಾಗಿ ಉತ್ತರ ಹೇಳುತ್ತಾರೆ. ಅವರಿಗೆ ನಾನು ಮೌನಗೌರಿ. ‘ಹದಿನೈದು ವರ್ಷ ಓದಿಸಿದರೂ ಬಾಯಿ ಬರಲಿಲ್ಲ ನೋಡು, ಕಾಸು ಕೊಟ್ಟು ಬೀಗ ತಂದ ಹಾಗಾಯ್ತು’ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ನೀನಿಲ್ಲದಾಗ ಸಹಾಯಕ್ಕೆಂದು ಬಂದವರು, ಅಪ್ಪನಿಗೆ ಅಕ್ಕ, ಅಡುಗೆ ಮಾಡಿ ಬಡಿಸುತ್ತಾರೆ, ಸರಿ. ಆದರೆ ಅಮ್ಮಾ, ಈ ನಾಲ್ಕು ತಿಂಗಳಲ್ಲಿ ಈ ಮನೆಯ ಮೇಲೆ ನನಗೆ ಎಂಥ ಹೇಸಿಗೆ ಹುಟ್ಟಿದೆ ಎಂದರೆ, ತಟ್ಟೆಯ ಮುಂದೆ ಕೂತರೂ ಕೆಳಗೆ ಅಪ್ಪನ ಪಾಲಿಶ್ ಅಂಗಡಿಯ ಸ್ಪಿರಿಟ್ ವಾಸನೆ ತುತ್ತಿನ ಜೊತೆಗೇ ಗಂಟಲಿಗೆ ಇಳಿಯುತ್ತದೆ. ಮೊದಲೂ ಆ ವಾಸನೆ ಇತ್ತು. ಅದರಲ್ಲೇ ಹುಟ್ಟಿ ಬೆಳೆದವಳು ನಾನು. ಈಗ ಮಾತ್ರ ಅದು ವಾಕರಿಕೆ ತರಿಸುತ್ತದೆ.

ನೀನು ಹೋದ ವಾರವೇ ಡಾಕ್ಟರು ಗುಬ್ಬಿಯ ಮಾತ್ರೆ ಬಿಡಿಸಿ ಬಾಟಲಿಯ ಔಷಧಿ ಬರೆದುಕೊಟ್ಟರಲ್ಲ, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತೆಂದು. ನಾಲ್ಕನೆಯ ವಯಸ್ಸಿನಿಂದ ಹದಿನೇಳರವರೆಗೆ ಅವಳ ಅಪಸ್ಮಾರಕ್ಕೆ ನಾವು ಎಷ್ಟು ಔಷಧಿ ಕಂಡೆವೋ, ಎಷ್ಟು ಕೈಬಿಟ್ಟವೋ, ನೀನೇ ಬಲ್ಲೆ. ಇದೊಂದು ಅವಳಿಗೆ ಹಿಡಿಯಬಹುದು ಎಂದು ಡಾಕ್ಟರಿಗೇ ಆಸೆಯಿತ್ತು. ಅದನ್ನು ಕೊಡುವ ಕೆಲಸವನ್ನು ಅಪ್ಪ ತಾವೇ ವಹಿಸಿಕೊಂಡರು. ‘ಬಾಟಲಿ, ಡಬ್ಬಿ, ಅಳತೆ, ಇದು ನನ್ನ ಮೂವತ್ತು ವರ್ಷದ ಕಸುಬು. ಯಾರೂ ಕೈ ಹಾಕಬೇಡಿ’ ಎಂದರು. ನಿಜಕ್ಕೂ ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಕೈ ತೊಳೆದು, ಕಪಾಟಿನಿಂದ ಬಾಟಲಿಯನ್ನು ತುಂಬಿದ ದೀಪದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು, ಮೇಜಿನ ಮೇಲಿಟ್ಟು, ಸೂಜಿಯಿಲ್ಲದ ಸಿರಿಂಜನ್ನು ಮೇಲುಮೇಲೆ ಅದ್ದಿ, ಗೆರೆಗೆ ಗೆರೆ ಸರಿಯಾಗಿ ಎಳೆಯುತ್ತಿದ್ದರು. ಒಂದು ಸಲ ಅತ್ತೆ ಬಾಟಲಿಯನ್ನು ಸ್ವಲ್ಪ ಜೋರಾಗಿ ಎತ್ತಿದ್ದಕ್ಕೆ ಬೈದರು: ‘ಕುಲುಕಬೇಡ. ವಾರ್ನಿಶ್ ಡಬ್ಬಿ ಕುಲುಕಿದವನು ಮೇಜಿನ ಮೇಲೆ ಮೊಡವೆ ಬೆಳೆಸ್ತಾನೆ. ಗಾಳಿ ಗುಳ್ಳೆ ಬಂದರೆ ಅಳತೆ ಕೆಡುತ್ತೆ. ಮೇಲಿನ ತಿಳಿ ನಮಗೆ, ತಳದ ಗಸಿ ಬಚ್ಚಲಿಗೆ.’ ಅತ್ತೆ ತಮ್ಮನ ಜಾಣತನಕ್ಕೆ ತಲೆದೂಗಿದರು.

ಮೂರನೆಯ ಬಾಟಲಿ ಶುರುವಾದ ವಾರ ನಡೆದದ್ದನ್ನು ನಿನಗೆ ಯಾರೂ ಹೇಳಿರಲಾರರು. ಗುಬ್ಬಿ ಬೇಸರವೆಂದು ಕೆಳಗೆ ಅಂಗಡಿಗೆ ಇಳಿದಿದ್ದಳು. ಬಿದ್ದರೆ ಪೆಟ್ಟಾಗದಿರಲೆಂದು ನೀನು ಹತ್ತಿ ತುಂಬಿ ಹೊಲಿದ ಟೋಪಿ ತಲೆಯ ಮೇಲೇ ಇತ್ತು. ಅಲ್ಲೊಂದು ಊಟದ ಮೇಜಿಗೆ ಅಪ್ಪ ಆಗಷ್ಟೇ ಕೊನೆಯ ಕೈ ವಾರ್ನಿಶ್ ಎಳೆದಿದ್ದರು. ಅದರ ಗಿರಾಕಿ, ಆ ಬಟ್ಟೆ ಅಂಗಡಿಯ ಯಜಮಾನ, ಪಕ್ಕದಲ್ಲೇ ನಿಂತು ತನ್ನ ಮುಖ ಅದರಲ್ಲಿ ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ. ಗುಬ್ಬಿಗೆ ಆ ಬೀಳುವ ಫಿಟ್ಸು ಬಂತು. ಕಡಿದ ಕೊಂಬೆಯ ಹಾಗೆ ನೇರ ಆ ಮೇಜಿನ ಮೇಲೆ ಬಿದ್ದಳು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವಳು ನೆಲದಲ್ಲಿದ್ದಳು, ಮೇಜಿನ ಮೇಲೆ ಅವಳ ಕೆನ್ನೆ, ಮೂಗು, ಅರ್ಧ ತುಟಿ ಅಚ್ಚಾಗಿ ನಿಂತಿತ್ತು. ಯಜಮಾನ ಹೇಳಿದ್ದು: ‘ಇಂಥ ಮಗುವನ್ನ ಮಾಲಿನ ಹತ್ತಿರ ಯಾಕ್ರೀ ಬಿಡ್ತೀರಿ?’ ಅಪ್ಪ ಹೇಳಿದ್ದು: ‘ನಾಳೆಗೆ ಸರಿ ಮಾಡಿಕೊಡ್ತೀನಿ ಸ್ವಾಮಿ.’ ಆಮೇಲೆ ಅವರು ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡರು. ಅಮ್ಮಾ, ಮೊದಲು ಒರೆಸಿದ್ದು ಮೇಜನ್ನು. ಅದೇ ಬಟ್ಟೆಯಲ್ಲಿ ಆಮೇಲೆ ಅವಳ ಕೆನ್ನೆ. ಎರಡು ದಿನ ಆ ಕೆನ್ನೆ ಸುಟ್ಟ ಹಾಗೆ ಕೆಂಪಗಿತ್ತು. ಯಜಮಾನನ ಊಟದ ಮೇಜು ಮಾತ್ರ ಮಾರನೆಯ ದಿನ ಕನ್ನಡಿಯ ಹಾಗಿತ್ತು. ಬಟ್ಟೆ ಅಂಗಡಿಯ ಆ ಮನುಷ್ಯ ಈಗ ಅದರ ಮೇಲೆ ಊಟ ಮಾಡುತ್ತಿರಬಹುದು ಎಂದು ನೆನೆದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಬೀಳುವುದು ಹೆಚ್ಚಾಯಿತೆಂದು ಡಾಕ್ಟರು ಔಷಧಿಯ ಅಳತೆ ಏರಿಸಿದರು. ನಾಲ್ಕನೆಯ ಬಾಟಲಿಯಲ್ಲೂ ಮೊದಲೆರಡು ವಾರ ಬಿದ್ದಳು. ಈ ವಾರ ಬೀಳುವುದು ನಿಂತಿತು, ಆದರೆ ಗುಬ್ಬಿಯೂ ನಿಂತುಹೋದಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಿದ್ದೆ. ಎಬ್ಬಿಸಿ ನಡೆಸಿದರೆ ಕುಡಿದವರ ಹಾಗೆ ಗೋಡೆಯಿಂದ ಗೋಡೆಗೆ. ಜೊಲ್ಲು ಸುರಿಯುತ್ತಲೇ ಇರುತ್ತದೆ. ಮೊನ್ನೆ ಅತ್ತೆ ನೆಲ ಒರೆಸುತ್ತಿದ್ದವರು, ಬಗ್ಗಿದವರು ಬಗ್ಗಿದ ಹಾಗೇ, ಕೈಯಲ್ಲಿದ್ದ ಅದೇ ಬಟ್ಟೆಯಿಂದ ಅವಳ ಬಾಯಿ ಒರೆಸಿ ಮುಂದಕ್ಕೆ ಹೋದರು. ಏನೂ ಆಗದವರ ಹಾಗೆ. ಅವರಿಗೆ ಕೆಟ್ಟ ಮನಸ್ಸಿಲ್ಲ ಎಂದು ನೀನು ಹೇಳುತ್ತೀಯ. ಇರಬಹುದು. ನೆಲವೂ ಗುಬ್ಬಿಯೂ ಅವರಿಗೆ ಒಂದೇ ಸಾಲಿನ ಕೆಲಸವಾಗಿದ್ದವು, ಅಷ್ಟೆ. ನಿನ್ನೆ ರಾತ್ರಿ ಬಾಟಲಿ ಮುಗಿಯಿತು. ಆಗ ಅತ್ತೆ ಶುರು ಮಾಡಿದರು: ‘ನೋಡೋ, ರೋಗಕ್ಕಿಂತ ಔಷಧಿನೇ ಅವಳನ್ನ ತಿಂತಾ ಇದೆ. ಹೊಸ ಬಾಟ್ಲಿ ಒಡೀಬೇಡ. ಹದಿನೈದು ದಿನ ಬಿಟ್ಟು ನೋಡೋಣ, ಮೈ ಹಗುರಾಗುತ್ತೆ.’ ಅಪ್ಪ ಉಗುರಿನ ಸಂದಿಯ ಪಾಲಿಶ್ ಕೆರೆಯುತ್ತ ಕೂತಿದ್ದರು. ‘ನನಗೂ ಅದನ್ನ ಕೊಡೋಕೆ ಕೈ ಬರ್ತಾ ಇಲ್ಲ ಅಕ್ಕ’ ಎಂದರು. ಇವತ್ತು ಬೆಳಿಗ್ಗೆ ಎಂಟಕ್ಕೆ ಔಷಧಿ ಕೊಡಲಿಲ್ಲ. ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ‘ತೊಳೆದಿಡು, ಸ್ಪಿರಿಟ್ ಹಾಕಿಡೋಕೆ ಆಗುತ್ತೆ’ ಎಂದರು.

ಆ ಗಸಿಯನ್ನು ಕೆರೆಯುವಾಗಲೇ ನನಗೆ ಹೊಳೆದದ್ದು. ಕೈ ಒರೆಸಿಕೊಂಡು ಬಂದು ಹೊಸ ಬಾಟಲಿಯ ಮೇಲಿನ ಚೀಟಿ ಓದಿದೆ. ‘ಪ್ರತಿ ಸಲ ಕೊಡುವ ಮುನ್ನ ಬಾಟಲಿಯನ್ನು ಚೆನ್ನಾಗಿ ಕುಲುಕಿ’ ಎಂದು ಎರಡನೆಯ ಸಾಲಿನಲ್ಲೇ ಇದೆ. ‘ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ’ ಎಂದು ಅದರ ಕೆಳಗೆ. ಆಮೇಲೆ ನಾನು ಗುಬ್ಬಿಯ ಫಿಟ್ಸಿನ ಲೆಕ್ಕ ಬರೆದಿಡುವ ಆ ನೀಲಿ ನೋಟುಬುಕ್ಕು ತೆಗೆದೆ. ನಾಲ್ಕು ತಿಂಗಳು, ನಾಲ್ಕು ಬಾಟಲಿ. ಪ್ರತಿ ಬಾಟಲಿಯ ಮೊದಲರ್ಧದಲ್ಲಿ ಬಿದ್ದದ್ದು, ಕೊನೆಯ ವಾರದಲ್ಲಿ ತೂಕಡಿಸಿದ್ದು. ಒಂದೂ ತಪ್ಪಿಲ್ಲ. ಔಷಧಿಯೆಲ್ಲ ತಳಕ್ಕೆ ಇಳಿದಿರುತ್ತಿತ್ತು. ಅಪ್ಪ ಗೆರೆಗೆ ಗೆರೆ ಸರಿಯಾಗಿ ಎಳೆದು ಅವಳಿಗೆ ಮೊದಲು ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಬರಿಯ ಸಿಹಿನೀರು, ಕೊನೆಗೆ ಕೊಡುತ್ತಿದ್ದದ್ದು ಒಂದಕ್ಕೆ ಎರಡೋ ಮೂರೋ ಪಟ್ಟು. ಇಷ್ಟನ್ನು ನಾನೇ ನನ್ನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ, ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ಒಂದು ಕವಿತೆ ಕೊಟ್ಟರೆ ಅದರಲ್ಲಿ ಇಲ್ಲದ ಅರ್ಥವನ್ನೂ ಹತ್ತು ಪುಟ ಬಿಡಿಸಿ ಬರೆದು ಪದವಿ ಪಡೆದವಳು ನಾನು.

ಹೊಸ ಬಾಟಲಿಯನ್ನು ಕುಲುಕಿ ಕೊಟ್ಟುಬಿಡೋಣ ಎಂದು ಕೈಗೆತ್ತಿಕೊಂಡೆ. ಆಗ ಕೈ ತಡೆಯಿತು. ಡಾಕ್ಟರು ಅಳತೆ ಏರಿಸಿದ್ದು ತಿಳಿನೀರಿನ ಲೆಕ್ಕದ ಮೇಲೆ. ಅದೇ ಏರಿಸಿದ ಅಳತೆಯನ್ನು ಈಗ ಸರಿಯಾಗಿ ಕುಲುಕಿ ಕೊಟ್ಟರೆ ಏನಾಗುತ್ತದೆ? ಕೊಡದಿದ್ದರೆ ಏನಾಗುತ್ತದೆ? ಅತ್ತೆ ಕೆಳಗಿಳಿದ ಹೊತ್ತು ನೋಡಿ ಆಸ್ಪತ್ರೆಗೆ ಫೋನು ಮಾಡಿದೆ. ಮೂರು ಸಲ ಇಟ್ಟು ನಾಲ್ಕನೆಯ ಸಲ ಮಾತಾಡಿದೆ. ಆ ದಪ್ಪ ಕನ್ನಡಕದ ನರ್ಸಮ್ಮನೇ ಸಿಕ್ಕರು, ಗುಬ್ಬಿಗೆ ಚಾಕಲೇಟು ಕೊಡುವವರು. ‘ಸ್ವಲ್ಪ ಗಟ್ಟಿಯಾಗಿ ಹೇಳಮ್ಮ, ಇಲಿ ಮಾತಾಡಿದ ಹಾಗೆ ಕೇಳ್ತಿದೆ’ ಎಂದರು. ಹೇಳಿದೆ. ಅವರು ಡಾಕ್ಟರನ್ನು ಕೇಳಿ ತಾವೇ ತಿರುಗಿ ಫೋನು ಮಾಡಿ ಹೇಳಿದರು: ಒಂದೇ ಸಲಕ್ಕೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಫಿಟ್ಸು ಒಂದರ ಮೇಲೊಂದು ಬಂದು ಬಿಡದೆ ಹೋಗಬಹುದು, ಪ್ರಾಣಕ್ಕೇ ಕುತ್ತು. ತಪ್ಪಿದ ಬೆಳಿಗ್ಗೆಯದನ್ನು ಸೇರಿಸಿ ಎರಡರಷ್ಟು ಕೊಡುವಂತಿಲ್ಲ. ಇವತ್ತು ರಾತ್ರಿ ಎಂಟಕ್ಕೆ ಅವಳು ಪೂರ್ತಿ ಎಚ್ಚರವಿದ್ದರೆ ಮಾತ್ರ, ಬಾಟಲಿ ಚೆನ್ನಾಗಿ ಕುಲುಕಿ, ಏರಿಸುವುದಕ್ಕೆ ಮುಂಚಿನ ಹಳೆಯ ಅಳತೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ಬೇರೆ ಥರ ಕಂಡರೆ, ಫಿಟ್ಸು ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಹೊರಡುವುದು. ಏನೂ ಆಗದಿದ್ದರೂ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಾಟಲಿ, ಸಿರಿಂಜ್, ನೋಟುಬುಕ್ಕು ಸಮೇತ ಬರಬೇಕು. ‘ಇದನ್ನ ನಮ್ಮ ಕಡೆಯವರೂ ಕುಲುಕಿ ತೋರಿಸಿ ಕಳಿಸಬೇಕಿತ್ತು’ ಎಂದು ಕೊನೆಗೆ ನರ್ಸಮ್ಮ ಮೆಲ್ಲಗೆ ಹೇಳಿದರು. ಎಲ್ಲವನ್ನೂ ಅಂಗೈ ಮೇಲೆ ಬರೆದುಕೊಂಡಿದ್ದೆ. ಈಗ ನೋಟುಬುಕ್ಕಿಗೆ ಇಳಿಸಿದ್ದೇನೆ.

ಗುಬ್ಬಿ ಮಧ್ಯಾಹ್ನ ಎರಡು ಸಲ ಕಣ್ಣು ಬಿಟ್ಟು ನೀರು ಕುಡಿದಳು. ಈಗ ದಿಂಬಿಗೊರಗಿ ಎದ್ದು ಕೂತಿದ್ದಾಳೆ, ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ‘ಅಮ್ಮನಿಗಾ?’ ಎಂದಳು. ಹೌದು ಎಂದೆ. ‘ಸೇರಿಸು, ಅತ್ತೆಯ ಚಪಾತಿ ಚಪ್ಪಲಿ ಥರ’ ಎಂದಳು. ಸೇರಿಸಿದ್ದೇನೆ. ನೀನು ಗಾಬರಿಯಿಂದ ಗಂಟುಮೂಟೆ ಕಟ್ಟಬೇಡ. ಅಜ್ಜಿಯನ್ನು ನಡುದಾರಿಯಲ್ಲಿ ಬಿಟ್ಟು ಬಂದರೆ ಅವರು ಮತ್ತೆ ಹಾಸಿಗೆ ಹಿಡಿಯುತ್ತಾರೆ. ಅವರಿಗೆ ನಮ್ಮಿಬ್ಬರ ನಮಸ್ಕಾರ ಹೇಳು, ಉಪ್ಪು ಕಡಿಮೆಯೇ ಹಾಕು. ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊ. ನಾಳೆ ಆಸ್ಪತ್ರೆಯಿಂದ ಬಂದಮೇಲೆ ನಾನೇ ಫೋನು ಮಾಡುತ್ತೇನೆ, ಆ ಮೂರು ಮಾತಿಗಿಂತ ಹೆಚ್ಚು ಆಡುತ್ತೇನೆ.

ನಿನ್ನ ಕಾಲಿಗೆ ತಲೆಯಿಟ್ಟು,
ನಿನ್ನ ದೊಡ್ಡವಳು

ಮರೆತ ಮಾತು: ಮರೆತದ್ದಲ್ಲ ಅಮ್ಮಾ, ಬರೆಯಲು ಕೈ ಬಂದಿರಲಿಲ್ಲ. ಚೀಟಿಯ ‘ಕುಲುಕಿ’ ಎಂಬ ಆ ಸಾಲನ್ನು ಇವತ್ತು ಓದಿದೆ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲ ಬಾಟಲಿ ಬಂದ ದಿನವೇ ಓದಿದ್ದೆ. ಅಕ್ಷರ ಕಂಡರೆ ಓದದೆ ಬಿಡುವವಳಲ್ಲವಲ್ಲ ನಾನು. ಅಪ್ಪ ಸಿರಿಂಜ್ ಎಳೆಯುತ್ತಿದ್ದಾಗ ಹೇಳಿಯೂ ಹೇಳಿದೆ, ನನ್ನ ದನಿಯಲ್ಲಿ. ಅವರು ತಲೆಯೆತ್ತಿ ‘ಏನಂದೆ?’ ಎಂದರು. ನಾನು ‘ಏನಿಲ್ಲ’ ಎಂದೆ. ಅಷ್ಟೇ ನಡೆದದ್ದು. ಅಪ್ಪನಿಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿರಲಿಲ್ಲ, ಗೊತ್ತಿದ್ದವಳು ನಾನೊಬ್ಬಳು, ಗೊತ್ತಿದ್ದೂ ನಾಲ್ಕು ತಿಂಗಳು ನೀಟಾಗಿ ಅವಳು ಬಿದ್ದ ತಾರೀಖು ಬರೆಯುತ್ತಿದ್ದೆ. ಈ ಮನೆಯಲ್ಲಿ ನೋಡಲಾಗದಷ್ಟು ಹೊಲಸಾದದ್ದು ಯಾವುದು ಎಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಅದು ನೆಲದ ಬಟ್ಟೆಯಲ್ಲ, ನನ್ನ ಆ ‘ಏನಿಲ್ಲ’. ಕೆಳಗೆ ಅಪ್ಪ ಬಾಗಿಲು ಎಳೆಯುವ ಸದ್ದಾಯಿತು, ಏಳೂಕಾಲು. ಇನ್ನೂ ಲಕೋಟೆ ಅಂಟಿಸಿಲ್ಲ. ಹೊಸ ಬಾಟಲಿ ನನ್ನ ಹತ್ತಿರವೇ ಇದೆ. ಈಗ ಇಳಿದು ಹೋಗಿ ಅವರ ಎದುರು ನಿಂತು ಈ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಇದನ್ನೂ ಸೇರಿಸಿ. ಅವರು ‘ಏನಂದೆ?’ ಎಂದರೆ ಮತ್ತೆ ಮೊದಲಿನಿಂದ ಓದುತ್ತೇನೆ.