ಅಪ್ಪ ಏನು ಸೇದುತ್ತಿದ್ದ

ಹೇಡನ್ಸ್ ಕ್ರೀಕ್, ದಕ್ಷಿಣ ಮೇರಿಲ್ಯಾಂಡ್
7 ಮಾರ್ಚ್ 1998, ಶನಿವಾರ

ಪ್ರೀತಿಯ ಕ್ಲೆಮ್,

'ಪ್ರೀತಿಯ' ಎಂದು ಬರೆದದ್ದು ಕೈಯ ಅಭ್ಯಾಸ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡ. ನಿನ್ನ ಬೆನ್ನುನೋವು ಹೇಗಿದೆ? ಬಾಲ್ಟಿಮೋರಿನ ಆಫೀಸುಗಳಲ್ಲಿ ಕುರ್ಚಿ ಮೆತ್ತಗಿರುತ್ತದಂತೆ. ಬೆನ್ನಿಗೆ ಅದು ಒಳ್ಳೆಯದಲ್ಲ. ಅಮ್ಮನಿಗೆ ಮಂಡಿ ಊದಿದೆ, ಬಾಯಿಗೆ ಏನೂ ಆಗಿಲ್ಲ. ಈಸ್ಟರಿಗೆ ಮಾಡುವ ಸೊಪ್ಪು ತುಂಬಿದ ಹಂದಿತೊಡೆಗೆ ನಿನಗೋಸ್ಕರ ಖಾರ ಕಡಿಮೆ ಮಾಡಬೇಕೇ ಎಂದು ಈಗಿನಿಂದಲೇ ಕೇಳುತ್ತಿದ್ದಾಳೆ. ಅವನು ಬಂದರಲ್ಲವೇ ಎಂದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ನಿನ್ನ ಲಕೋಟೆ ಗುರುವಾರ ಬಂತು. ಒಳಗೆ ಕೋರ್ಟಿಗೆ ಕೊಡುವ ನನ್ನ ಹೇಳಿಕೆಯಂತೆ, ಒಳ್ಳೆಯ ದಪ್ಪ ಕಾಗದ, ಸಹಿ ಹಾಕಬೇಕಾದ ಕಡೆ ಪೆನ್ಸಿಲ್ಲಿನ ಗುರುತು. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು, ಆದರೆ ಓದಲು ಬರುತ್ತದೆ ತಮ್ಮಾ. 'ನನ್ನ ತಂದೆ ಮೂವತ್ತು ವರ್ಷ ಅಂಗಡಿಯ ಸಿಗರೇಟು ಸೇದುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ' ಎಂದು ನನ್ನ ಬಾಯಲ್ಲಿ ಬರೆದಿದ್ದೀಯ. ಯಾವಾಗ ಹೇಳಿದೆ ನಾನು? ಫೋನಿನಲ್ಲಿ ಕೇಳಿದರೆ, "ಒಂದೇ ಒಂದು ಸಾಲು ಕಣೇ ಅಕ್ಕಾ, ಸತ್ತೋರಿಗೇನು ನೋವಾಗುತ್ತಾ?" ಎಂದೆಯಲ್ಲ. ಸತ್ತವನಿಗೆ ಆಗದಿರಬಹುದು. ನಾನು ಇನ್ನೂ ಬದುಕಿದ್ದೇನೆ.

ನಿಮ್ಮ ಕೇಸು ನನಗೆ ಅರ್ಥವಾಗಿಲ್ಲ ಎಂದುಕೊಳ್ಳಬೇಡ. ಸಿಗರೇಟು ಕಂಪನಿಗಳು ಜನರಿಗೆ ಸುಳ್ಳು ಹೇಳಿದವು, ಜನ ಕಾಯಿಲೆ ಬಿದ್ದರು, ಬಡವರ ಆಸ್ಪತ್ರೆ ಖರ್ಚನ್ನು ಸರ್ಕಾರ ಹೊತ್ತಿತು, ಈಗ ಅದನ್ನು ವಾಪಸು ಕೇಳುತ್ತಿದೆ. ಸರಿ. ಆದರೆ ಸರ್ಕಾರಕ್ಕೆ ತನ್ನದೇ ವಕೀಲರು ಒಂದು ಕಟ್ಟಡದ ತುಂಬ ಇದ್ದಾರೆ. ಅವರನ್ನು ಸುಮ್ಮನೆ ಕೂರಿಸಿ ಹೊರಗಿನಿಂದ ನಿಮ್ಮ ವಕೀಲರ ಆಫೀಸನ್ನು ಕರೆಸಿದೆ, ಗೆದ್ದರೆ ನಿಮಗೂ ಪಾಲಂತೆ. ಅಪ್ಪ ಒಂದೊಂದು ಉಸಿರಿಗೂ ಮಂಚದ ಸರಳು ಹಿಡಿದು ಒದ್ದಾಡಿದ್ದು ಈ ಮನೆಯಲ್ಲಿ. ಹಾಸಿಗೆ ಬದಲಿಸಿದ್ದು ನಾನು ಮತ್ತು ಅಮ್ಮ. ಈಗ ನೋಡಿದರೆ ನಷ್ಟವಾದದ್ದು ಸರ್ಕಾರಕ್ಕಂತೆ, ಪರಿಹಾರ ನಿಮಗಂತೆ! ಅವನು ಹಾಸಿಗೆ ಹಿಡಿದಿದ್ದ ಆ ಒಂಬತ್ತು ತಿಂಗಳಲ್ಲಿ ನೀನು ಬಂದದ್ದು ಎರಡು ಸಲ. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ನಿನ್ನ ದೊಡ್ಡ ವಕೀಲರ ಸಂಗತಿಯನ್ನೂ ಹೇಳಿಬಿಡುತ್ತೇನೆ. ಕಳೆದ ತಿಂಗಳು ಫೋಟೋ ತೆಗೆಸಿಕೊಳ್ಳಲು ಬಂದರಲ್ಲ, ಅವತ್ತು ಒಣಗಾಳಿ ಬೀಸುತ್ತಿತ್ತು. ಅಂಥ ದಿನ ಕೊಟ್ಟಿಗೆಯಲ್ಲಿ ತೂಗುಹಾಕಿದ ಹೊಗೆಸೊಪ್ಪಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಜಿಟಿಜಿಟಿ ಮಳೆ ಹಿಡಿದು ಎಲೆ ಮೆತ್ತಗಾಗುವವರೆಗೆ ಕಾಯುತ್ತೇವೆ. ಇದು ನಿನಗೆ ಆರು ವರ್ಷಕ್ಕೇ ಗೊತ್ತಿತ್ತು. ಆ ಮಹಾರಾಯರು ಫೋಟೋಕ್ಕೆಂದು ತೂಗುಹಾಕಿದ ಒಂದು ಗೊಂಚಲನ್ನೇ ಬಾಚಿ ತಬ್ಬಿಕೊಂಡರು. ಎಲೆಯೆಲ್ಲ ಪುಡಿಪುಡಿಯಾಗಿ ಅವರ ಕೋಟಿನ ಮೇಲೆ ಉದುರಿತು. ನೀನು ಪಕ್ಕದಲ್ಲೇ ನಿಂತಿದ್ದೆ, ಮುಟ್ಟಬೇಡಿ ಸಾರ್ ಎನ್ನಲು ನಿನಗೆ ಬಾಯಿ ಬರಲಿಲ್ಲ. ನಮ್ಮ ಬೆಳೆ ಹಾಳಾದದ್ದಕ್ಕಿಂತ ನಿನ್ನ ಆ ಮೌನಕ್ಕೆ ನನಗೆ ಹೆಚ್ಚು ಸಿಟ್ಟು ಬಂತು.

ಇನ್ನು ಅಪ್ಪನ ವಿಷಯ. ಅವನು ಜೀವಮಾನವಿಡೀ ಸೇದಿದ್ದು ತಾನು ಬೆಳೆದ ಎಲೆಯನ್ನು, ತಾನೇ ಸುತ್ತಿಕೊಂಡು. ಅಂಗಡಿಯ ಸಿಗರೇಟು ಕಂಡರೆ "ಅದು ಗುಡಿಸಿ ತುಂಬಿದ ಕಸ ಕಣ್ರೋ, ಕಸ" ಎನ್ನುತ್ತಿದ್ದ. ವಸಂತದ ಹರಾಜಿನಲ್ಲಿ ಕಂಪನಿಯ ಖರೀದಿದಾರ ಬೆಳೆಗಾರರಿಗೆಲ್ಲ ಸಿಗರೇಟಿನ ಪೆಟ್ಟಿಗೆ ಹಂಚುತ್ತಿದ್ದ. ಅಪ್ಪ ಎಲ್ಲರೆದುರಿಗೂ ಅದನ್ನು ಅವನ ಕೈಗೇ ತುರುಕಿ, "ನಿನ್ನ ಅತ್ತೆಗೆ ಕೊಡಪ್ಪ, ಬೇಗ ತೀರ್ಕೋತಾಳೆ" ಎಂದಿದ್ದು ನಿನಗೆ ನೆನಪಿಲ್ಲವೇ? ಇಡೀ ಹರಾಜುಕಟ್ಟೆ ನಕ್ಕಿತ್ತು. ಅಪ್ಪನ ಹತ್ತಿರ ಬೇರೆ ಆಸ್ತಿ ಏನಿತ್ತು? ತನ್ನ ಎಲೆಯ ಮೇಲಿನ ಆ ಜಂಬವೊಂದೇ. ಅವನನ್ನು ಕೊಂದದ್ದು ಅವನದೇ ಎಲೆ. ಆ ಸತ್ಯವನ್ನು ನಾನು ಎರಡು ವರ್ಷದಿಂದ ನುಂಗಿಕೊಂಡಿದ್ದೇನೆ. ಅದೇ ಎಲೆ ಬೆಳೆದು ಊಟ ಮಾಡುತ್ತಿದ್ದೇನೆ. ನಿನ್ನ ಕೇಸಿಗೆ ಒಗ್ಗುವುದಿಲ್ಲವೆಂದು ಅವನ ಸಾವನ್ನು ಬದಲಿಸಲು ನಾನು ಒಪ್ಪುವುದಿಲ್ಲ. ಸಹಿ ಹಾಕುವುದಿಲ್ಲ. ನೀನು ಕರೆದಂತೆ ಬುಧವಾರ ನಿಮ್ಮ ಆಫೀಸಿಗೆ ಬರುವುದೂ ಇಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು. ಎಷ್ಟೇ ಸಿಟ್ಟಿದ್ದರೂ ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಎಂದು ಬರೆಯದೆ ಕಾಗದ ಮಡಿಸಲು ನನಗೆ ಬರುವುದಿಲ್ಲ.

ನಿನ್ನ ಅಕ್ಕ,
ಬರ್ನಡೀನ್

ತಾ.ಕ.: ಸೋಮವಾರ ಸಂಜೆ. ಕಾಗದ ಇನ್ನೂ ಅಂಚೆಗೆ ಹಾಕಿಲ್ಲ, ಒಳ್ಳೆಯದೇ ಆಯಿತು. ನಿನ್ನೆಯಿಂದ ಜಿನುಗು ಮಳೆ, ಎಲೆ ಮೆತ್ತಗಾಗಿದೆ. ಉಳಿದ ಎಲೆಯನ್ನು ಕಡ್ಡಿಯಿಂದ ಬಿಡಿಸಿಬಿಡೋಣ ಎಂದು ಬೆಳಿಗ್ಗೆ ಕೊಟ್ಟಿಗೆಯ ಪಕ್ಕದ, ಎಲೆ ಬಿಡಿಸುವ ಕೋಣೆಗೆ ಹೋದೆ. ಗಾಳಿ ನುಗ್ಗಿ ಎಲೆ ಒಣಗುತ್ತದೆಂದು ಅಪ್ಪ ಆ ಕೋಣೆಯ ಗೋಡೆಯನ್ನು ತಾನೇ ಭದ್ರ ಮಾಡುತ್ತಿದ್ದನಲ್ಲ, ನಮ್ಮನ್ನು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲವಲ್ಲ. ಅಲ್ಲಿನ ಚಳಿ ಕಾಯುವ ಒಲೆಯ ಹಿಂದಿನ ಹಲಗೆ ಸಡಿಲವಾಗಿತ್ತು, ಎಳೆದೆ. ಒಳಗಿಂದ ಖಾಲಿ ಸಿಗರೇಟು ಪೊಟ್ಟಣಗಳು ಸುರಿದವು ಕ್ಲೆಮ್. ಪಕ್ಕದ ಹಲಗೆ ಕಿತ್ತೆ, ಅಲ್ಲೂ ಅವೇ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಿಗಿಯಾಗಿ ತುಂಬಿದ್ದಾನೆ. ಕೆಲವು ನಾನು ಹುಡುಗಿಯಾಗಿದ್ದಾಗಿನವು. ಅಲ್ಲೇ ಕೂತು ಅತ್ತೆ. ಅಮ್ಮನಿಗೆ ತೋರಿಸಿದರೆ, "ನಂಗೊತ್ತಿತ್ತು ಕಣೇ. ಅಷ್ಟು ಜನರ ಮುಂದೆ ಕಸ ಅಂದುಬಿಟ್ಟಿದ್ದ, ಆಮೇಲೆ ಹೆಂಗೆ ಎದುರಿಗೆ ಸೇದ್ತಾನೆ?" ಎಂದಳು.

ಹಾಗಾಗಿ ಬುಧವಾರ ಬರುತ್ತೇನೆ. ನಿನ್ನ ಕಾಗದಕ್ಕೆ ಸಹಿ ಮಾತ್ರ ಹಾಕುವುದಿಲ್ಲ, ಏಕೆಂದರೆ ನಾನು ಕಣ್ಣಾರೆ ಕಂಡದ್ದು ಗೋಡೆಯನ್ನು, ಅಪ್ಪ ಸೇದುವುದನ್ನಲ್ಲ. ಪೊಟ್ಟಣಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದೇನೆ. ನಿನ್ನ ಲಕೋಟೆಯನ್ನೂ ಅದರಲ್ಲೇ ಇಟ್ಟಿದ್ದೇನೆ, ಅಂಚೆಯ ಮುದ್ರೆ ಕಾಣುವ ಹಾಗೆ. ಅಪ್ಪ ಸೇದಿದ್ದು ನಿಜ. ಅದು ನಮ್ಮಿಬ್ಬರಿಗೂ ಗೊತ್ತಾಗುವ ಮೊದಲೇ ಹಾಗೆ ಹೇಳೆಂದು ನೀನು ನನಗೆ ಬರೆದು ಕಳಿಸಿದ್ದೂ ನಿಜ. ಚೀಲವನ್ನು ನಿನ್ನ ದೊಡ್ಡ ವಕೀಲರ ಮೇಜಿನ ಮೇಲೆ ಸುರಿಯುತ್ತೇನೆ, ಎರಡರಲ್ಲಿ ಯಾವ ನಿಜ ಬೇಕೋ ಅವರೇ ಆರಿಸಿಕೊಳ್ಳಲಿ.