ಮೂರನೇ ಸಲಕ್ಕೆ ಮುಂಚೆ

ಫೆಬ್ರವರಿ 6, ಬೆಳಿಗ್ಗೆ

ಬಾಯಿ ಒಣಕಲು ಕಟ್ಟಿಗೆ. ತಲೆಯೊಳಗೆ ಯಾರೋ ಕಬ್ಬಿಣದ ಬೀರು ಎಳೆದಾಡುತ್ತಿದ್ದಾರೆ. ರಾತ್ರಿಯಿಡೀ ಮಲಗಿದವನಿಗೆ ನಿದ್ದೆಯ ಅಸಲೇ ಕೈಗೆ ಬಂದಿಲ್ಲ, ಬಡ್ಡಿಯ ಮಾತು ಬಿಡಿ.

ಮತ್ತೆ ಅದೇ ಕನಸು. ಹರಾಜಿನ ಹಾಲ್ ತುಂಬ ನೀರು. ಕುರ್ಚಿಗಳು ಮೀನಿನ ಹಾಗೆ ಸುಮ್ಮನೆ ತೇಲುತ್ತವೆ. ನಾನು ಸುತ್ತಿಗೆ ಎತ್ತಿ ನಿಂತಿದ್ದೇನೆ. ಹಿಂದಿನ ಸಾಲಿನಲ್ಲಿ ನೀಲಿ ಕೋಟಿನವನು. ಬಾಯಿ ಬಿಟ್ಟು ಕೂಗುವುದಿಲ್ಲ, ಬರೀ ಕೈ ಎತ್ತುತ್ತಾನೆ...

ಹೆಂಡತಿ ಆಗಲೇ ಅಡುಗೆಮನೆಯಲ್ಲಿ. ಕಣ್ಣು ಕೆಂಪು.

"ಗೊರಕೆ ಜಾಸ್ತಿ ಇತ್ತಾ?"

"ಗೊರಕೆ ಇದ್ದಾಗ ನನಗೆ ಭಯ ಇಲ್ಲ," ಅಂದಳು.

ಅರ್ಥ ಆಗಲಿಲ್ಲ. ಕೇಳಲೂ ಇಲ್ಲ. ಹರಾಜು ಕೂಗಲು ಹೋಗೋ ಹೊತ್ತಾಗಿತ್ತು.

ಅದೇ ದಿನ, ಸಂಜೆ

ಮಾನ ಹೋಯಿತು.

ಹಳೇ ಹೋಟೆಲಿನ ಸಾಮಾನು, ಆಳೆತ್ತರದ ಕನ್ನಡಿ. ಎರಡು ಸಲ ಕೂಗಿದ ಮೇಲೆ ಉಸಿರು ಹಿಡಿದು ನಿಲ್ಲುವುದು ನನ್ನ ಕಸುಬಿನ ಗುಟ್ಟು. ಆ ಮೌನದಲ್ಲೇ ಜನಕ್ಕೆ ಆಸೆ ಹುಟ್ಟುವುದು. ಬರಿಗೈಲಿ ಬಂದವನಿಗೆ ಅನ್ನ ಹಾಕಿದ್ದೇ ಆ ಮೌನ. ಇವತ್ತು ಅದರೊಳಗೇ ಜೋಂಪು ಹತ್ತಿತು. ನಿಂತಲ್ಲೇ. ಕೈ ತಾನಾಗಿ ಇಳಿಯಿತು — ಠಕ್.

"ನೀಲಿ ಕೋಟಿನವರಿಗೆ!" ಅಂದೆನಂತೆ.

ಗುಮಾಸ್ತ ಹಾಲ್ ಪೂರ್ತಿ ನೋಡಿದ. "ಯಾವ ನೀಲಿ ಕೋಟು, ಸಾರ್?"

ಜನ ಗೊಳ್ಳೆಂದರು. ಪುಣ್ಯಾತ್ಮ ಗುಮಾಸ್ತನೇ "ಮಾಲು ವಾಪಸ್!" ಅಂತ ಕೂಗಿ ಬಚಾವು ಮಾಡಿದ. ಒಡೆಯರು ಮನಸ್ಸು ಬದಲಾಯಿಸಿ ತಮ್ಮ ಸಾಮಾನು ತಾವೇ ಇಟ್ಟುಕೊಂಡಾಗ ಹೇಳುವ ಮಾತು ಅದು. ನಾನೂ ನಕ್ಕೆ. ನಗುತ್ತಿದ್ದಾಗಲೇ ಎದೆಯೊಳಗೆ ಕೋಳಿ ರೆಕ್ಕೆ ಬಡಿದ ಹಾಗೆ. ಒಂದು ಬಡಿತ ತಪ್ಪಿ, ನಾಲ್ಕು ಒಟ್ಟಿಗೆ ಓಡಿ... ಈಗಲೂ ನಿಂತಿಲ್ಲ. ಇವಳಿಗೆ ಹೇಳಬೇಕು.

ಫೆಬ್ರವರಿ 12

ಆಸ್ಪತ್ರೆಯಿಂದ ಇವತ್ತು ಬಂದೆ. ಹೃದಯದ ತಾಳ ತಪ್ಪಿತ್ತಂತೆ. ಬಿಪಿ ಅಟ್ಟ ಹತ್ತಿ ಕೂತಿತ್ತಂತೆ. ಮಾತ್ರೆಗೆ ತಾಳ ಸದ್ಯಕ್ಕೆ ಸರಿಹೋಗಿದೆ.

ಹೃದಯದ ಡಾಕ್ಟರು ಕೇಳಿದರು: "ಗೊರಕೆ ಹೊಡೀತೀರಾ?"

"ಎದೆ ತೋರಿಸೋಕೆ ಬಂದವನಿಗೆ ಮೂಗಿನ ವಿಚಾರ ಯಾಕೆ ಡಾಕ್ಟ್ರೇ?"

ಮೂಲೆಯಿಂದ ಇವಳು: "ಗೊರಕೆ ನಿಲ್ಲುತ್ತೆ ಡಾಕ್ಟ್ರೇ. ಉಸಿರೂ ನಿಲ್ಲುತ್ತೆ. ಆಗ ನಾನು ಎಣಿಸ್ತೀನಿ. ಇವರು ಕೂಗೋ ಹಾಗೇ. ಒಂದು ಸಲ... ಎರಡು ಸಲ... ಮೂರು ಅನ್ನೋಕೆ ನಾಲಿಗೆ ಏಳಲ್ಲ. ಅಷ್ಟರಲ್ಲಿ ಪಕ್ಕೆಗೆ ತಿವೀತೀನಿ."

ಡಾಕ್ಟರು ಬರೆಯುವುದು ನಿಲ್ಲಿಸಿದರು. ಮೊದಲು ನಿದ್ದೆ ಪರೀಕ್ಷೆ ಆಗಲಿ ಅಂತ ಬೇರೆ ಚೀಟಿ ಕೊಟ್ಟರು.

ಫೆಬ್ರವರಿ 19

ಮೈತುಂಬ ವೈರು ಅಂಟಿಸಿ ನಿದ್ದೆ ಪರೀಕ್ಷೆ ಮಾಡಿದರು. ಸ್ಲೀಪ್ ಅಪ್ನಿಯಾ — ಅದೂ ತೀವ್ರ.

ನಿದ್ದೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಲಗಿದಾಗ ಗಂಟಲು ಕುಸಿದು ಗಾಳಿಯ ದಾರಿ ಮುಚ್ಚುತ್ತೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ. ಮಿದುಳು ಗಾಬರಿಬಿದ್ದು ಅರೆ ಎಚ್ಚರ ಮಾಡುತ್ತೆ, ನನಗೆ ಗೊತ್ತೇ ಆಗದ ಹಾಗೆ. "ಪ್ರತಿ ಸಲವೂ ನಿಮ್ಮ ಹೃದಯ ಬೆಚ್ಚಿಬೀಳುತ್ತೆ. ರಾತ್ರಿಯೆಲ್ಲ ಬೆಚ್ಚಿದ್ದು ಹಗಲು ಹೇಗೆ ತಾಳ ಹಿಡೀಬೇಕು ಹೇಳಿ?"

ಇನ್ನು ಮುಖಕ್ಕೆ ಮಾಸ್ಕು ಕಟ್ಟಿಕೊಂಡೇ ಮಲಗಬೇಕಂತೆ. ಚೌಕಾಸಿಗಿಳಿದೆ. "ಆಪರೇಷನ್?"

"ಕೆಲವರಿಗೆ ಮಾಡ್ತೀವಿ. ನಿಮಗೆ ಅದು ಮೊದಲ ದಾರಿಯಲ್ಲ."

"ದವಡೆ ಮುಂದಕ್ಕೆ ಹಿಡಿಯೋ ಹಲ್ಲಿನ ಕ್ಲಿಪ್ಪು ಇದೆಯಂತೆ?"

"ಕಾಯಿಲೆ ಕಮ್ಮಿ ಇದ್ದಿದ್ರೆ ಯೋಚಿಸಬಹುದಿತ್ತು."

"ಮಗ್ಗುಲಾಗಿ ಮಲಗ್ತೀನಿ. ಹೊಟ್ಟೆ ಕರಗಿಸ್ತೀನಿ. ಸಂಜೆಯ ಗ್ಲಾಸೂ ಬಿಡ್ತೀನಿ."

"ಎಲ್ಲಾ ಮಾಡಿ. ಮಾಸ್ಕಿನ ಜೊತೆಗೆ ಮಾಡಿ, ಮಾಸ್ಕಿನ ಬದಲಿಗೆ ಅಲ್ಲ. ಹೃದಯದ ಮಾತ್ರೆಯೂ ನಿಲ್ಲಿಸಬೇಡಿ."

ಗಿರಾಕಿ ಜಗ್ಗಲಿಲ್ಲ. ಸಿಪ್ಯಾಪ್ ಅಂತ ಮಿಷನ್ನು. ರಾತ್ರಿಯೆಲ್ಲ ಗಾಳಿ ಒತ್ತಿ ಗಂಟಲ ಬಾಗಿಲು ತೆರೆದಿಡುತ್ತೆ.

ಇವಳು ನಕ್ಕಳು, ಎಷ್ಟೋ ದಿನಕ್ಕೆ. "ಮದುವೆ ಆದಾಗಿನಿಂದ ನಿಮ್ಮ ಬಾಯಿ ಮುಚ್ಚಿಸೋ ಮಿಷನ್ ಹುಡುಕ್ತಿದ್ದೆ."

ಫೆಬ್ರವರಿ 23, ಬೆಳಿಗ್ಗೆ

ಮೂಗು-ಬಾಯಿ ಮುಚ್ಚೋ ದೊಡ್ಡ ಮಾಸ್ಕು. ಕನ್ನಡಿಯಲ್ಲಿ ನೋಡಿಕೊಂಡರೆ ಸೊಂಡಿಲು ಬಂದಿದೆ. ಪಟ್ಟಿ ಕೆನ್ನೆ ಕೊರೆಯುತ್ತೆ. ರಾತ್ರಿ ಕಿತ್ತು ದಿಂಬಿನಡಿ ತುರುಕಿದೆ. ಬೆಳಗಾಗೋ ಮುಂಚೆ ಮತ್ತೆ ಹಾಕಿಕೊಂಡು ಸಾಚಾನ ಹಾಗೆ ಮಲಗಿದ್ದೆ.

ಕಾಫಿ ಲೋಟ ಕುಕ್ಕಿದಳು. "ಕಿತ್ತಿದ್ದು ಗೊತ್ತು. ಮತ್ತೆ ಎಣಿಸಿದೆ."

"ಪಟ್ಟಿ ಕೊರೆಯುತ್ತೆ ಮಾರಾಯ್ತಿ—"

"ಕೊರೀಲಿ. ಹಾಕ್ಕೊಳ್ಳಿ ಅಂತ ಇನ್ನು ಹೇಳಲ್ಲ. ಒಂದೇ ಮಾತು ಕೇಳ್ತೀನಿ. ಯಾವತ್ತಾದ್ರೂ ನನಗೇ ನಿದ್ದೆ ಬಂದುಬಿಟ್ರೆ, ನಿಮ್ಮನ್ನ ತಿವಿಯೋರು ಯಾರು?"

ಕಾಫಿ ಆರಿತು.

ಅದಕ್ಕೇ ಆ ಕೆಂಪು ಕಣ್ಣು. ನಾನು ಹಗಲು ಮೌನ ಮಾರುತ್ತಿದ್ದೆ. ರಾತ್ರಿ ಅದೇ ಮೌನ ಇವಳ ತಲೆಗೆ ಕಟ್ಟುತ್ತಿದ್ದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮಾಸ್ಕು ಬದಲಾಯಿಸಿ ಕೊಡ್ತಾರಂತೆ.

ಮಾರ್ಚ್ 8, ಬೆಳಿಗ್ಗೆ

ಬರೆಯದೆ ಎಷ್ಟು ದಿನ ಆಯಿತು. ಮೂಗಿಗಷ್ಟೇ ಕೂರುವ ಸಣ್ಣ ಮಾಸ್ಕು ಒಗ್ಗಿದೆ. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಇದೆ. ದೂರದ ಸಮುದ್ರದ ಹಾಗೆ ಸದ್ದು.

ಕನಸು ಬಂತು. ಹಾಲ್‌ನ ನೀರು ಇಳಿದಿತ್ತು. ಕುರ್ಚಿಗಳು ನೆಲ ಮುಟ್ಟಿದ್ದವು, ಕಾಲು ಒದ್ದೆ. ಕಟ್ಟೆಯ ಮೇಲೆ ಇವತ್ತಿನ ಮಾಲು — ನಾನೇ. ಕೊರಳಲ್ಲಿ ಚೀಟಿ. ಕೂಗುವವನೂ ನಾನೇ. ನೀಲಿ ಕೋಟಿನವನು ಕೈ ಎತ್ತಿದ. ಒಂದು ಸಲ ಅಂದೆ. ಎರಡು ಸಲ ಅಂದೆ. ಹಾಲ್ ಉಸಿರು ಹಿಡಿಯಿತು. ನಾನು ಹಿಡಿಯಲಿಲ್ಲ. ಎಲ್ಲಿಂದಲೋ ತಣ್ಣಗೆ ಗಾಳಿ ಬರುತ್ತಲೇ ಇತ್ತು.

"ಮಾಲು ವಾಪಸ್," ಅಂದೆ. "ಒಡತಿ ಬಿಟ್ಟುಕೊಡಲ್ಲವಂತೆ."

ಅವನು ಕೋಟು ಕೊಡವಿಕೊಂಡು ಎದ್ದು ಹೋದ. ಕೋಪವೇನೂ ಇರಲಿಲ್ಲ.

ಎದ್ದರೆ ಬಾಯಿ ಒಣಗಿಲ್ಲ. ತಲೆ ಹಗುರ. ಅಡುಗೆಮನೆಯಲ್ಲಿ ಸದ್ದಿಲ್ಲ. ಬಿಸಿಲು ಮಂಚದ ಮೇಲೆ ಬಂದಿದೆ, ಪಕ್ಕದಲ್ಲಿ ಇವಳು ಇನ್ನೂ ಮಲಗೇ ಇದ್ದಾಳೆ. ಬಾಯಿ ತೆರೆದು ಸಣ್ಣಗೆ ಗೊರಕೆ! ಎಷ್ಟು ವರ್ಷದ ಬಾಕಿಯೋ. ಕಾಫಿ ಮಾಡಿಟ್ಟು ಬಂದು ಒಂದು ಸಲ ಕರೆದೆ. ಎರಡು ಸಲ ಕರೆದೆ. ಗೊಣಗಿ ಮಗ್ಗುಲು ಬದಲಾಯಿಸಿದಳು. ಮೂರನೇ ಸಲ ಕರೆಯಲಿಲ್ಲ.